ಹೊಲ ಕನ್ನಡದ್ದು, ಕಾಗದ ಫಾರ್ಸಿಯದ್ದು

 

ಹೋದ ಸಂಚಿಕೆ ಆದಮೇಲೆ ಬೆಂಗಳೂರಿನ ಕೇಳುಗರೊಬ್ಬರು ಒಂದು ವಾಯ್ಸ್ ಮೆಸೇಜ್ ಕಳಿಸಿದ್ರು. "ಬ್ರೋ, ಬೇಜಾರು ಮಾಡ್ಕೋಬೇಡಿ. ನಿಮ್ಮ ಬೀದರ್ ಕನ್ನಡದಲ್ಲಿ ಉರ್ದು ಜಾಸ್ತಿ. ಶುದ್ಧ ಕನ್ನಡದಲ್ಲಿ ಮಾತಾಡಿದ್ರೆ ಇನ್ನೂ ಖುಷಿ ಆಗತ್ತೆ." ನಾನು ಬೇಜಾರು ಮಾಡ್ಕೊಳ್ಳಲಿಲ್ಲ. ಆದರೆ ಎರಡನೇ ಸಲ ಕೇಳಿದಾಗ ನಗು ಬಂತು. 'ಬೇಜಾರು' ಫಾರ್ಸಿ ಪದ. 'ಖುಷಿ' ಫಾರ್ಸಿ ಪದ. 'ಜಾಸ್ತಿ' ಅರಬ್ಬಿಯಿಂದ ಫಾರ್ಸಿಗೆ ಹೋಗಿ, ಅಲ್ಲಿಂದ ನಮ್ಮ ಬಾಯಿಗೆ ಬಂದದ್ದು. ಮೂರು ವಾಕ್ಯದಲ್ಲಿ ಮೂರು ಪದ, ಅದೂ ಬೆಂಗಳೂರಿನ ಕನ್ನಡದಲ್ಲಿ.

ಅವರಿಗೆ ಉತ್ತರ ಬರೆಯೋಣ ಅಂತ ಕೂತೆ. ಉತ್ತರ ಉದ್ದ ಆಯ್ತು. ಅದೇ ಇವತ್ತಿನ ಸಂಚಿಕೆ. ಫಾರ್ಸಿ ಅಂದ್ರೆ ಪರ್ಷಿಯನ್, ಇರಾನಿನ ಭಾಷೆ. ಅದು ಕನ್ನಡದ ಮನೆಯೊಳಗೆ ಯಾವ ಬಾಗಿಲಿಂದ ಬಂತು? ನಾನು ಇತಿಹಾಸ ಓದಿದವನಲ್ಲ, ಬಿ.ಕಾಂ. ಮಾಡಿದವನು. ಹಾಗಾಗಿ ಲೆಕ್ಕದ ಪುಸ್ತಕದ ಕಡೆಯಿಂದ ನೋಡ್ತೀನಿ. ನಮ್ಮ ಮನೆಯದೇ ಒಂದು ಹಳೆ ಕಾಗದದಿಂದ ಶುರು ಮಾಡೋಣ.

ಟ್ರಂಕಿನಲ್ಲಿದ್ದ ಕಾಗದ

ನಮ್ಮೂರು ಭಾತಂಬ್ರಾ, ಭಾಲ್ಕಿ ತಾಲೂಕು. ಎರಡು ವರ್ಷದ ಹಿಂದೆ ನಮ್ಮ ಮುತ್ಯಾ, ಅಂದ್ರೆ ಅಜ್ಜ, ತೀರಿಕೊಂಡರು. ಹೊಲ ಅಪ್ಪನ ಹೆಸರಿಗೆ ಆಗಬೇಕಿತ್ತು. ಇದಕ್ಕೆ 'ಪೌತಿ ಖಾತೆ' ಅಂತಾರೆ. ಎಷ್ಟು ಅರ್ಜಿಯಲ್ಲಿ ಆ ಪದ ಬರೆದೆನೋ, ಅರ್ಥ ಮಾತ್ರ ಗೊತ್ತಿರಲಿಲ್ಲ. ಅರಬ್ಬಿಯಲ್ಲಿ 'ಫೌತ್' ಅಂದ್ರೆ ಸಾವು. ಸತ್ತವರ ಹೆಸರಿನ ಖಾತೆ ಬದುಕಿರುವವರ ಹೆಸರಿಗೆ ಬರೋದೇ ಪೌತಿ.

ಮುತ್ಯಾನ ಟ್ರಂಕಿನಲ್ಲಿ ಹಳೆ ಛಾಪಾ ಕಾಗದ ಒಂದಿತ್ತು. ನಿಜಾಮನ ಕಾಲದ್ದು, ಪೂರ್ತಿ ಉರ್ದುವಿನಲ್ಲಿ. ಮನೆಯಲ್ಲಿ ಯಾರಿಗೂ ಓದಲು ಬರಲ್ಲ. ಆದರೆ ಅದು ಏನು ಅನ್ನೋದರ ಬಗ್ಗೆ ಎಲ್ಲರಿಗೂ ಒಂದು ಅಂದಾಜು ಇತ್ತು. ಹಳ್ಳದ ದಂಡೆಯ ಹೊಲವನ್ನು ಮುತ್ಯಾನ ಅಪ್ಪ ಪಕ್ಕದ ಹೊಲದವರ ಹತ್ರ ಒತ್ತಿ ಇಟ್ಟಿದ್ದರಂತೆ. ಬದುವಿನ ಜಗಳ ಬಂದಾಗೆಲ್ಲ ಆ ಮನೆಯವರು ಒಂದೇ ಮಾತು ಎತ್ತೋರು: "ಆ ಹೊಲ ನಮ್ಮ ಬಲ್ಲಿ ಗಿರವಿ ಇತ್ತು, ನೀವು ಬಿಡಿಸ್ಕೊಂಡಿಲ್ಲ." ಅಪ್ಪ ಅಲ್ಲಿಗೆ ಸುಮ್ಮನಾಗ್ತಿದ್ದರು. ಸುಳ್ಳು ಅನ್ನೋಕೆ ಧೈರ್ಯ ಇರಲಿಲ್ಲ. ಕಾಗದ ಮನೆಯಲ್ಲೇ ಇತ್ತು, ಅದರೊಳಗೆ ಏನಿದೆ ಅನ್ನೋದು ಗೊತ್ತಿರಲಿಲ್ಲ.

ಕಚೇರಿಯೊಂದರಲ್ಲಿ ತೋರಿಸಿದೆ. ಅಲ್ಲಿದ್ದವರು ಎರಡೂ ಕಡೆ ತಿರುಗಿಸಿ ನೋಡಿ, "ಇದು ನಮಗ ಓದಾಕ ಬರಲ್ರಿ, ಓದಿಸ್ಕೊಂಡು ಬರ್ರಿ" ಅಂದ್ರು. ಕೊನೆಗೆ ಅಪ್ಪನಿಗೆ ಪರಿಚಯ ಇದ್ದ ನಿವೃತ್ತ ಉರ್ದು ಮಾಸ್ತರ್ ಒಬ್ಬರು ಮನೆಗೇ ಬಂದರು. ಪಡಸಾಲೆಯಲ್ಲಿ ಕೂತು, ಕನ್ನಡಕ ಒರೆಸಿ, ನಿಧಾನಕ್ಕೆ ಓದಲು ಶುರು ಮಾಡಿದ್ರು. ಮೌಜೆ ಭಾತಂಬ್ರಾ, ಜಿಲ್ಲಾ ಬೀದರ್. ಜಮೀನ್ ಖುಷ್ಕಿ. ಸಿಕ್ಕಾ ಹಾಲಿ ಒಂದು ನೂರಾ ಐವತ್ತು ರೂಪಾಯಿ, ಅಂದ್ರೆ ನಿಜಾಮನ ರಾಜ್ಯದ ನಾಣ್ಯ. ರಹನ್. ಮುದ್ದತ್ ಮೂರು ವರ್ಷ.

ನಾನು ಫೋನ್ ತೆಗೆದು ಒಂದೊಂದೇ ಪದದ ಅರ್ಥ ಹುಡುಕ್ತಾ ಇದ್ದೆ. ಬಾಗಿಲ ಹತ್ರ ಕೂತಿದ್ದ ಆಯಿ, ನಮ್ಮ ಅಜ್ಜಿ, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳು ಅಲ್ಲಿಂದಲೇ ಹೇಳಿದಳು: "ಖುಷ್ಕಿ ಅಂದ್ರ ಮಳಿ ಮ್ಯಾಲಿನ ಹೊಲ ತಮ್ಮಾ. ಮುದ್ದತ್ ಅಂದ್ರ ವಾಯ್ದೆ. ರಹನ್ ಅಂದ್ರ ಗಿರವಿ. ಇಷ್ಟೂ ತಿಳಿಯಲ್ಲೇನು ನಿಂಗ?" ಮಾಸ್ತರ್ ನಕ್ಕುಬಿಟ್ಟರು. "ನೋಡಪ್ಪಾ, ನಿಮ್ಮ ಆಯಿಗೆ ಫಾರ್ಸಿ ಬರ್ತದ. ಬಿ.ಕಾಂ.ಗ ಬರಲ್ಲ."

ಕಾಗದದ ತಾರೀಖು 'ಖುರ್ದಾದ್ 1352 ಫಸಲಿ'. ಹೈದರಾಬಾದ್ ಸಂಸ್ಥಾನದ ಫಸಲಿ ವರ್ಷ ಅಕ್ಟೋಬರ್‌ನಲ್ಲಿ ಶುರು ಆಗ್ತಿತ್ತು. 590 ಅಥವಾ 591 ಕೂಡಿಸಿದ್ರೆ ನಮ್ಮ ಇಸವಿ ಸಿಗತ್ತೆ. ಇದು 1943ರ ಬೇಸಿಗೆ. ಖುರ್ದಾದ್ ಅನ್ನೋದು ಪ್ರಾಚೀನ ಇರಾನಿನ ತಿಂಗಳ ಹೆಸರು. ಇವತ್ತಿಗೂ ಟೆಹರಾನಿನ ಗೋಡೆಯ ಕ್ಯಾಲೆಂಡರ್‌ನಲ್ಲಿ ಅದೇ ಹೆಸರಿದೆ. ನಮ್ಮ ಮುತ್ಯಾನ ಅಪ್ಪ ಹೆಬ್ಬೆಟ್ಟು ಒತ್ತಿದ ಕಾಗದದ ಮೇಲೆ ಇರಾನಿನ ತಿಂಗಳು.

ಕಾಗದದ ಹಿಂಬದಿಯಲ್ಲೂ ಎರಡು ಸಾಲು ಇತ್ತು, ಬೇರೆ ಮಸಿಯಲ್ಲಿ. ಅದಕ್ಕೆ ಆಮೇಲೆ ಬರ್ತೀನಿ.

ಒಂದೇ ಹೊಲಕ್ಕೆ ಎರಡು ಹೆಸರು

ಅವತ್ತು ರಾತ್ರಿ ನಮ್ಮ ಪಹಣಿ ತೆಗೆದು ಓದಿದೆ. ನೀವೂ ನಿಮ್ಮ ಮನೆಯದು ತೆಗೆದು ನೋಡಿ, ಫೋನಿನಲ್ಲೇ ಸಿಗತ್ತೆ. ಜಮೀನನ್ನು ಮೂರು ವಿಧ ಮಾಡಿರ್ತಾರೆ: ಖುಷ್ಕಿ, ತರಿ, ಬಾಗಾಯ್ತು. ಫಾರ್ಸಿಯಲ್ಲಿ 'ಖುಷ್ಕ್' ಅಂದ್ರೆ ಒಣ. 'ತರ್' ಅಂದ್ರೆ ಒದ್ದೆ. 'ಬಾಗ್' ಅಂದ್ರೆ ತೋಟ. ನಮ್ಮ ಭಾಷೆಯಲ್ಲಿ ಇವಕ್ಕೆ ಪದ ಇರಲಿಲ್ವಾ? ಬೆದ್ದಲು, ಗದ್ದೆ, ತೋಟ. ಮೂರೂ ಇವೆ, ಮೂರೂ ಬದುಕಿವೆ. ಆದರೆ ಕಾಗದದ ಮೇಲೆ ಅವು ಕಾಣಲ್ಲ.

ಇದನ್ನು ನೋಡಿದ ಮೇಲೆ ನನಗೆ ಎಲ್ಲ ಕಡೆ ಅದೇ ಜೋಡಿ ಕಾಣೋಕೆ ಶುರು ಆಯ್ತು. ನೇಗಿಲು ಹೂಡುವಾಗ ಅದು 'ಹೊಲ'. ನೋಂದಣಿ ಮಾಡುವಾಗ 'ಜಮೀನು'. ಮಣ್ಣಲ್ಲಿ ನಿಂತಿರೋದು 'ಬೆಳೆ', ಲೆಕ್ಕಕ್ಕೆ ಬಂದ್ರೆ 'ಫಸಲು'. ಅಣ್ಣತಮ್ಮಂದಿರ ನಡುವೆ 'ಪಾಲು', ಸರ್ವೆ ನಂಬರಿನ ಪಕ್ಕದಲ್ಲಿ 'ಹಿಸ್ಸಾ'. ತಗೊಂಡಾಗ 'ಸಾಲ', ಬರೆದುಕೊಟ್ಟಾಗ 'ಕರ್ಜ'. ಕೊಟ್ಟ ದುಡ್ಡಿಗೆ ಚೀಟಿ ಕೇಳಿದ್ರೆ 'ರಸೀದಿ'. ಫಾರ್ಸಿಯಲ್ಲಿ 'ರಸೀದ್' ಅಂದ್ರೆ 'ತಲುಪಿತು' ಅಂತಷ್ಟೇ. ನಾವು ಆನ್‌ಲೈನ್‌ನಲ್ಲಿ ದುಡ್ಡು ಹಾಕಿ, 'ಬಂತಾ?' ಅಂತ ಕೇಳ್ತೀವಲ್ಲ, ಅದಕ್ಕೆ ಬರುವ ಉತ್ತರ ಅದು.

ನಾನು ಕಾಲೇಜಿನಲ್ಲಿ ಓದಿದ ಲೆಕ್ಕಶಾಸ್ತ್ರವನ್ನು ನಮ್ಮೂರ ಅಡತಿ ಅಂಗಡಿಯ ಭಾಷೆಗೆ ಇಳಿಸಿದ್ರೆ ಜಮಾ, ಖರ್ಚು, ಬಾಕಿ, ನಗದು, ಅಸಲು, ವಸೂಲಿ, ಕಿಸ್ತು, ಫಾಯಿದೆ, ಲುಕ್ಸಾನು. ಇವೆಲ್ಲ ಆ ದಾರಿಯಿಂದಲೇ ಬಂದವು. ಲೆಕ್ಕ ಬರೆಯೋ ಗುಮಾಸ್ತ ಕೂಡ ಫಾರ್ಸಿಯವನೇ, 'ನೇಮಕ ಆದವನು' ಅಂತ ಅರ್ಥ. ಹಾಗಂತ ಎಲ್ಲವೂ ಹೋಗಿಲ್ಲ. ಸುಂಕ, ಬಡ್ಡಿ, ಲಾಭ ನಮ್ಮಲ್ಲಿ ಹಳೆಯವು, ಇನ್ನೂ ಇವೆ.

ಒಂದು ಎಚ್ಚರಿಕೆ. ಪರದೇಶಿ ಅನಿಸಿದ್ದೆಲ್ಲ ಫಾರ್ಸಿ ಅಲ್ಲ. 'ಪಗಾರ', 'ಚಾವಿ' ಪೋರ್ಚುಗೀಸರಿಂದ ಬಂದವು. ಫಾರ್ಸಿಯಿಂದ ಬಂದವುಗಳಲ್ಲೂ ಅರ್ಧಕ್ಕರ್ಧ ಅರಬ್ಬಿಯವು. ಜಮೀನು ಫಾರ್ಸಿ, ಅದಕ್ಕೆ ಭೂಮಿ ಅಂತ ಅರ್ಥ. ಕೋರ್ಟಿನಲ್ಲಿ ಕೊಡೋ ಜಾಮೀನು ಅರಬ್ಬಿ, ಅದಕ್ಕೆ ಹೊಣೆ ಅಂತ ಅರ್ಥ. 'ದಫ್ತರ' ಇರಾನಿಗೆ ಗ್ರೀಕರಿಂದ ಹೋದದ್ದು. 'ಖಜಾಂಚಿ'ಯಲ್ಲಿ ಖಜಾನೆ ಅರಬ್ಬಿ, ಕೊನೆಯ 'ಚಿ' ತುರ್ಕಿ. ಅಂದ್ರೆ ನಮಗೆ ಕೊಟ್ಟವರ ಭಾಷೆಯೂ 'ಶುದ್ಧ' ಇರಲಿಲ್ಲ.

ಬೀದರ್‌ಗೆ ಬಂದ ಒಬ್ಬ ವ್ಯಾಪಾರಿ

ಈಗ ಸ್ವಲ್ಪ ಹಿಂದೆ ಹೋಗೋಣ. 12ನೇ ಶತಮಾನದಲ್ಲಿ ನಮ್ಮ ಜಿಲ್ಲೆಯ ಕಲ್ಯಾಣದಲ್ಲಿ ಬಿಜ್ಜಳನ ಖಜಾನೆ ನೋಡಿಕೊಳ್ತಿದ್ದವರು ಬಸವಣ್ಣ. ಅವರ ಹುದ್ದೆಯ ಹೆಸರು 'ಭಂಡಾರಿ'. ಆ ಕಾಲದ ಶಾಸನಗಳಲ್ಲಿ ಊರ ಲೆಕ್ಕದವನು 'ಸೇನಬೋವ'. ಅಂದ್ರೆ ಲೆಕ್ಕಕ್ಕೆ, ಕಂದಾಯಕ್ಕೆ ಬೇಕಾದ ಪದಗಳು ಇಲ್ಲಿ ಆಗಲೇ ಇದ್ದವು.

1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ಶುರು ಆಯ್ತು. ಅಹ್ಮದ್ ಶಾ ಸುಮಾರು 1430ರ ಹೊತ್ತಿಗೆ ರಾಜಧಾನಿಯನ್ನು ಬೀದರ್‌ಗೆ ತಂದ. ಆಸ್ಥಾನದ ಭಾಷೆ ಫಾರ್ಸಿ. ಆಗ ಫಾರ್ಸಿ ಅಂದ್ರೆ ಇವತ್ತಿನ ಇಂಗ್ಲಿಷ್ ಇದ್ದ ಹಾಗೆ. ಮಧ್ಯ ಏಷ್ಯಾದಿಂದ ಬಂಗಾಳದವರೆಗೆ ಆ ಒಂದು ಭಾಷೆ ಗೊತ್ತಿದ್ರೆ ಕೆಲಸ ಸಿಗ್ತಿತ್ತು. ಇರಾನಿನ ಕವಿ ಆಝರಿ ಬೀದರ್‌ಗೆ ಬಂದು ಬಹಮನಿಗಳ ಚರಿತ್ರೆಯನ್ನು ಪದ್ಯದಲ್ಲಿ ಬರೆದ. ಕಿರ್ಮಾನಿನ ಸೂಫಿ ಶಾ ನಿಮತುಲ್ಲಾ ಅವರ ಮಗ ಖಲೀಲುಲ್ಲಾ ಇಲ್ಲಿಗೇ ಬಂದು ನೆಲೆಸಿದರು. ಅಷ್ಟೂರಿಗೆ ಹೋಗುವ ದಾರಿಯಲ್ಲಿ ಇರೋ ಚೌಖಂಡಿ ಅವರ ಸಮಾಧಿ. ನಾವು ಕಾಲೇಜು ದಿನಗಳಲ್ಲಿ ಅದರ ಮೆಟ್ಟಿಲ ಮೇಲೆ ಕೂತು ಸೆಲ್ಫಿ ತಗೊಂಡಿದ್ದೀವಿ. ಬಾಗಿಲ ಮೇಲೆ ಕಪ್ಪು ಕಲ್ಲಿನಲ್ಲಿ ಕೆತ್ತಿದ ಆ ಚಂದದ ಅಕ್ಷರ ಶಿರಾಜ್‌ನಿಂದ ಬಂದ ಕಲಾವಿದನದು ಅನ್ನೋದು ನನಗೆ ಗೊತ್ತಾದದ್ದು ತೀರಾ ಇತ್ತೀಚೆಗೆ.

ಆದರೆ ನನಗೆ ಹತ್ತಿರ ಅನಿಸೋದು ಮಹಮೂದ್ ಗವಾನ್. ಯಾಕಂದ್ರೆ ಆತ ಮೂಲತಃ ವ್ಯಾಪಾರಿ. ಇರಾನಿನ ಗಿಲಾನ್‌ನವನು. ದಾಭೋಳ ಬಂದರಿಗೆ ಇಳಿದು 1453ರಲ್ಲಿ ಬೀದರ್‌ಗೆ ಬಂದಾಗ ವಯಸ್ಸು ನಲವತ್ತು ದಾಟಿತ್ತು. ಮುಂದೆ ರಾಜ್ಯದ ಪ್ರಧಾನಿಯೇ ಆದ. ಸಿಕ್ಕ ಬಿರುದು 'ಮಲಿಕ್-ಉತ್-ತುಜ್ಜಾರ್', ವ್ಯಾಪಾರಿಗಳ ರಾಜ. ನಾಲ್ಕು ಪ್ರಾಂತಗಳನ್ನು ಎಂಟು ಮಾಡಿ ಸರದಾರರ ಕೈ ಕಟ್ಟಿದ. 1472ರಲ್ಲಿ ಆತ ಕಟ್ಟಿಸಿದ ಮದರಸಾ ಇವತ್ತಿಗೂ ಊರ ನಡುವೆ ನಿಂತಿದೆ. 1696ರ ಮದ್ದಿನ ಸ್ಫೋಟದಲ್ಲಿ ಅರ್ಧ ಹೋಯ್ತು. ಉಳಿದ ಒಂದು ಮಿನಾರಿನ ಮೇಲೆ ಇರಾನಿ ಶೈಲಿಯ ಬಣ್ಣದ ಹೆಂಚು ಅಲ್ಲಲ್ಲಿ ಹೊಳೆಯುತ್ತೆ. ಫಾರ್ಸಿ ಪತ್ರ ಬರೆಯೋದರಲ್ಲಿ ಗವಾನ್ ಹೆಸರುವಾಸಿ. ಆತನ ಪತ್ರಗಳ ಸಂಗ್ರಹದ ಹೆಸರು 'ರಿಯಾಜ್-ಉಲ್-ಇನ್ಶಾ'. ಒಟ್ಟೋಮನ್ ಸುಲ್ತಾನನಿಗೆ ಬರೆದ ಪತ್ರವೂ ಅದರಲ್ಲಿದೆ.

ಅಂಥ ಪತ್ರಗಾರನನ್ನು ಕೊಂದದ್ದೂ ಒಂದು ಪತ್ರವೇ. ವಿರೋಧಿಗಳು ಆತನ ಮುದ್ರೆ ಕಾಯುವವನಿಗೆ ಕುಡಿಸಿ, ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಅದರಲ್ಲಿ ಒಡಿಶಾದ ರಾಜನಿಗೆ ದಂಡೆತ್ತಿ ಬಾ ಅಂತ ಕರೆದ ಹಾಗೆ ಬರೆದರು. ಸುಲ್ತಾನ ನಂಬಿದ. 1481ರ ಏಪ್ರಿಲ್‌ನಲ್ಲಿ ಗವಾನ್ ತಲೆ ಹೋಯ್ತು. ರಾಜ್ಯವೂ ಹೆಚ್ಚು ದಿನ ಬಾಳಲಿಲ್ಲ, ಐದು ಚೂರಾಯ್ತು.

ಅರಮನೆಯಿಂದ ಚಾವಡಿಗೆ

ಅರಮನೆಯಲ್ಲಿ ನಾಲ್ಕು ಜನ ಫಾರ್ಸಿ ಮಾತಾಡಿದ್ರೆ ಭಾತಂಬ್ರಾದ ಆಯಿಗೆ 'ಖುಷ್ಕಿ' ಹೇಗೆ ಗೊತ್ತಾಗಬೇಕು? ನಡುವೆ ಯಾರೋ ಹೊತ್ತು ತಂದಿರಬೇಕು. ಹೊತ್ತು ತಂದವರು ಕುಲಕರ್ಣಿ, ದೇಶಪಾಂಡೆ, ಪಟವಾರಿಗಳು. ಊರಿನ ಲೆಕ್ಕದವರು. ಅವರಲ್ಲಿ ಹೆಚ್ಚಿನವರು ಬ್ರಾಹ್ಮಣರು, ಮನೆಯಲ್ಲಿ ಮರಾಠಿ ಅಥವಾ ಕನ್ನಡ. ವಿಜಯಪುರದಲ್ಲಿ 1534ರಿಂದ 1558ರವರೆಗೆ ಆಳಿದ ಒಂದನೇ ಇಬ್ರಾಹಿಂ ಆದಿಲ್ ಶಾ, ಕಂದಾಯದ ಲೆಕ್ಕವನ್ನು ಫಾರ್ಸಿಯಿಂದ ಇಲ್ಲಿನ ಭಾಷೆಗೆ ತಂದು ಬ್ರಾಹ್ಮಣ ಲೆಕ್ಕಿಗರಿಗೆ ಕೊಟ್ಟ ಅಂತ ಇತಿಹಾಸಕಾರ ಫಿರಿಶ್ತಾ ಬರೀತಾನೆ. ಭಾಷೆ ಬದಲಾಯ್ತು, ಪದಗಳು ಹಾಗೇ ಉಳಿದವು. ಕಾಲಂನ ಹೆಸರು ಜಮಾ, ಖರ್ಚು, ಬಾಕಿಯೇ. ಕಂಪನಿ ಬದಲಾದರೂ ಸಾಫ್ಟ್‌ವೇರ್ ಹಳೇದೇ ಉಳಿದಂತೆ.

ಇದನ್ನು ಕಿತ್ತುಹಾಕೋ ಪ್ರಯತ್ನವೂ ನಡೆದಿತ್ತು. 1670ರ ದಶಕದಲ್ಲಿ ಶಿವಾಜಿಯ ಆಸ್ಥಾನದಲ್ಲಿ 'ರಾಜವ್ಯವಹಾರ ಕೋಶ' ಅನ್ನೋ ನಿಘಂಟು ಮಾಡಿಸಿದ್ರು. ಆಡಳಿತದ ಫಾರ್ಸಿ, ದಖ್ಖನಿ ಪದಗಳಿಗೆ ಸಂಸ್ಕೃತದ ಪರ್ಯಾಯ ಅದರಲ್ಲಿತ್ತು. ಕೆಲವು ಹುದ್ದೆಗಳ ಹೆಸರು ಬದಲಾದವು. ಸಂತೆಯ ಬಾಯಿ ಬದಲಾಗಲಿಲ್ಲ.

ಬೀದರ್ ಮಾತ್ರ ಕೈಯಿಂದ ಕೈಗೆ ಹೋಯ್ತು. ಬರೀದ್ ಶಾಹಿ, 1619ರಲ್ಲಿ ವಿಜಯಪುರ, 1650ರ ದಶಕದಲ್ಲಿ ಔರಂಗಜೇಬ, 1724ರ ನಂತರ ನಿಜಾಮ. ಈಸ್ಟ್ ಇಂಡಿಯಾ ಕಂಪನಿ 1837ರಲ್ಲಿ ಫಾರ್ಸಿಯನ್ನು ಕೈಬಿಟ್ಟಿತು. ಹೈದರಾಬಾದ್ ಸಂಸ್ಥಾನದಲ್ಲಿ ಅದು 1880ರ ದಶಕದವರೆಗೂ ನಡೀತು, ಆಮೇಲೆ ಆ ಜಾಗಕ್ಕೆ ಉರ್ದು ಬಂತು. ಹಾಗಾಗಿ ನಮ್ಮ ಕಡೆ ಈ ಪದಗಳು ಸ್ವಲ್ಪ ಗಟ್ಟಿಯಾಗಿ ಕೇಳಿಸ್ತವೆ, ಅಷ್ಟೇ. ಮೈಸೂರು ಸಂಸ್ಥಾನದಲ್ಲೂ ದಿವಾನ, ಅಮಲ್ದಾರ, ಶಿರಸ್ತೇದಾರರೇ ಇದ್ದರು. ದಕ್ಷಿಣದ ಜಿಲ್ಲೆಗಳ ಪಹಣಿಯಲ್ಲಿ ಅಪ್ಪನ ಹೆಸರಿಗೆ ಮೊದಲು 'ಬಿನ್' ಅಂತ ಇರತ್ತಲ್ಲ, ಅದು ಅರಬ್ಬಿಯ 'ಮಗ'. ಬೆಂಗಳೂರಿನ ನಮ್ಮ ಕೇಳುಗರು ತಮ್ಮ ಮನೆಯ ಹಳೆ ಪತ್ರ ಒಮ್ಮೆ ತೆಗೆದು ನೋಡಬೇಕು.

ಮಣ್ಣಿನೊಳಗೂ, ಬೆಳ್ಳಿಯೊಳಗೂ

ಪದ ಒಂದೇ ಬರಲಿಲ್ಲ, ಕೆಲಸದ ತಿಳಿವಳಿಕೆಯೂ ಬಂತು. ಬೀದರ್‌ನ ನೌಬಾದ್‌ನಲ್ಲಿ ನೆಲದ ಕೆಳಗೆ ಒಂದು ಸುರಂಗ ಇದೆ. ಎತ್ತರದ ಜಾಗದಲ್ಲಿ ಅಂತರ್ಜಲ ಹಿಡಿದು, ಸಣ್ಣ ಇಳಿಜಾರಿನಲ್ಲಿ ಸುರಂಗ ಕೊರೆದು, ನಡುನಡುವೆ ಗಾಳಿ ಆಡಲು, ಮಣ್ಣು ಎತ್ತಲು ಬಾವಿಯಂಥ ಬಾಯಿ ತೆಗೆದಿದ್ದಾರೆ. ಪಂಪ್ ಇಲ್ಲ, ಕರೆಂಟ್ ಇಲ್ಲ, ನೀರು ತಾನೇ ಹರಿದು ಬರತ್ತೆ. ಇರಾನಿನ ಈ ವಿದ್ಯೆಗೆ ಫಾರ್ಸಿಯಲ್ಲಿ 'ಕಾರೇಜ್' ಅಂತಾರೆ. ನಮ್ಮ ಜನ ಅದಕ್ಕೆ ಇಟ್ಟ ಹೆಸರು 'ಸುರಂಗ ಬಾವಿ'.

ಬಿದ್ರಿ ಕೆಲಸವೂ ಹಾಗೇ. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಹಳೆ ಮಣ್ಣು, ನವಸಾಗರ ಬೆರೆಸಿದ ಬಿಸಿ ನೀರಿಗೆ ಹಾಕ್ತಾರೆ. ಲೋಹ ಕಪ್ಪಾಗತ್ತೆ, ಬೆಳ್ಳಿ ಬೆಳ್ಳಗೇ ಉಳಿಯುತ್ತೆ. ತಂತಿ ಕೂರಿಸಿದ್ರೆ 'ತಾರ್‌ಕಶಿ', ತಗಡು ಕೂರಿಸಿದ್ರೆ 'ತೆಹ್‌ನಿಶಾನ್'. ಕೆಲಸದ ಹೆಸರು ಫಾರ್ಸಿ, ಮಣ್ಣು ಬೀದರ್‌ನದು. 2006ರಲ್ಲಿ ಇದಕ್ಕೆ ಜಿಐ ಮಾನ್ಯತೆ ಬಂತು. 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಜಿಲ್ಲೆಯ ವಾಟ್ಸಾಪ್ ಗ್ರೂಪುಗಳೆಲ್ಲ ಒಂದೇ ಸುದ್ದಿ.

ಅಷ್ಟೂರಿನಲ್ಲಿ ಅದೇ ಅಹ್ಮದ್ ಶಾನ ಗುಂಬಜ್ ಇದೆ. ಒಳಗಿನ ಗೋಡೆ, ಛಾವಣಿ ತುಂಬ ಬಣ್ಣದ ಚಿತ್ತಾರ, ಫಾರ್ಸಿ ಪದ್ಯ. ಪ್ರತಿ ವರ್ಷ ಅಲ್ಲಿ ಉರುಸು ನಡೆಯುತ್ತೆ, ಅದಕ್ಕೆ ಮುಂದಾಳು ಒಬ್ಬ ಜಂಗಮ. ಮುಸ್ಲಿಮರಿಗೆ ಆತ ವಲಿ, ಇಲ್ಲಿನ ಅನೇಕ ಲಿಂಗಾಯತರಿಗೆ ಅಲ್ಲಮಪ್ರಭುವಿನ ರೂಪ. ಇದನ್ನು ಯಾವ ಸರ್ಕಾರವೂ ಆದೇಶ ಮಾಡಿ ತಂದದ್ದಲ್ಲ.

ನಿಮ್ಮ ಫೋನಿನಲ್ಲಿರೋ 'ದಾರ'

ಫಾರ್ಸಿಯಲ್ಲಿ 'ದಾರ್' ಅಂದ್ರೆ 'ಇಟ್ಟುಕೊಂಡವನು', 'ಉಳ್ಳವನು'. ಜಮೀನ್ದಾರ, ತಹಶೀಲ್ದಾರ, ಹವಾಲ್ದಾರ ಎಲ್ಲರಿಗೂ ಗೊತ್ತು. ಆದರೆ ಕನ್ನಡ ಇದನ್ನು ತನ್ನ ಪದಕ್ಕೇ ಅಂಟಿಸಿಕೊಂಡಿತು. 'ಪಾಲು' ನಮ್ಮದು, 'ದಾರ' ಅವರದು, 'ಪಾಲುದಾರಿಕೆ' ಈಗ ಬಿ.ಕಾಂ. ಪುಸ್ತಕದ ಒಂದು ಅಧ್ಯಾಯ. ಗುತ್ತಿಗೆದಾರನೂ ಹಾಗೇ ಹುಟ್ಟಿದ. ಇಂಗ್ಲಿಷಿನ 'ಷೇರು' ಬಂದಾಗ ಅದಕ್ಕೂ ಅದೇ ಬಾಲ: ಷೇರುದಾರ. ಮೊಬೈಲ್ ಬಂತು, 'ಬಳಕೆದಾರ' ಹುಟ್ಟಿದ. ನಿಮ್ಮ ಫೋನನ್ನು ಕನ್ನಡಕ್ಕೆ ಹಾಕಿ ನೋಡಿ, ಲಾಗಿನ್ ಆಗೋ ಕಡೆ 'ಬಳಕೆದಾರರ ಹೆಸರು' ಅಂತ ಬರತ್ತೆ. ಅರಬರೂ ಇರಾನಿಗಳೂ ಕಂಡಿರದ ಪದ ಅದು, ಕನ್ನಡದವರೇ ಮಾಡಿಕೊಂಡದ್ದು. ತಂದ ಇಟ್ಟಿಗೆಯಿಂದ ಸ್ವಂತ ಮನೆ ಕಟ್ಟೋದು ಅಂದ್ರೆ ಇದು.

ಆದರೆ ಎಲ್ಲವನ್ನೂ ಸಿಹಿ ಮಾಡಿ ಹೇಳೋದು ಬೇಡ. ನಮ್ಮ ಮುತ್ಯಾನ ಅಪ್ಪನಿಗೆ ಮಳೆ ನಕ್ಷತ್ರ ಬಾಯಿಪಾಠ ಇತ್ತು, ಮಣ್ಣು ಮುಟ್ಟಿ ಬಿತ್ತಬೇಕೋ ಬೇಡವೋ ಹೇಳ್ತಿದ್ದರಂತೆ. ಆದರೆ ತನ್ನ ಹೊಲದ ಕಾಗದ ಓದಲು ಬರ್ತಿರಲಿಲ್ಲ. ಯಾರೋ ಓದಿ ಹೇಳಿದ್ದನ್ನು ನಂಬಿ ಹೆಬ್ಬೆಟ್ಟು ಒತ್ತಿದರು. ಹೊಲಕ್ಕೂ ಹೊಲದವನಿಗೂ ನಡುವೆ ಒಂದು ಭಾಷೆ ನಿಂತಿತ್ತು, ಅದು ಗೊತ್ತಿದ್ದವನ ಕೈಯಲ್ಲಿ ಅಧಿಕಾರ ಇತ್ತು. ಇವತ್ತು ಆ ಜಾಗದಲ್ಲಿ ಇಂಗ್ಲಿಷ್ ಇದೆ. ಸಾಲದ ಆ್ಯಪ್‌ನಲ್ಲಿ ನಲವತ್ತು ಪುಟದ ಷರತ್ತು ಬರತ್ತೆ, ನಾವು ಓದದೇ 'ಐ ಅಗ್ರೀ' ಒತ್ತುತ್ತೀವಿ. ಅದೂ ಹೆಬ್ಬೆಟ್ಟೇ ಅಲ್ವೇನ್ರಿ? ಪದ ಎಲ್ಲಿಂದ ಬಂತು ಅನ್ನೋದಕ್ಕಿಂತ, ಕಾಗದ ಯಾರಿಗೆ ಓದಲು ಬರತ್ತೆ ಅನ್ನೋದು ನನಗೆ ದೊಡ್ಡ ಪ್ರಶ್ನೆ.

ಕಾಗದದ ಹಿಂಬದಿ

ಮಾಸ್ತರ್ ಕಾಗದ ತಿರುಗಿಸಿ ಆ ಎರಡು ಸಾಲು ಓದಿದ್ರು. ಮೆಹರ್ 1355 ಫಸಲಿ, ಅಂದ್ರೆ 1946. ರಕಮು ವಸೂಲ್. ಕೊನೆಯಲ್ಲಿ ಒಂದೇ ಪದ: 'ಬೇಬಾಕ್'.

ನಾನು ಮತ್ತೆ ಫೋನ್ ಕಡೆ ಕೈ ಹಾಕೋದರೊಳಗೆ ಆಯಿ ಎದ್ದು ಕೂತಿದ್ದಳು. "ಬೇಬಾಕಿ! ಸೊಸೈಟ್ಯಾಗ ಸಾಲ ತೀರಿದ ಮ್ಯಾಲ ಕೊಡತಾರಲ್ಲ, ಅದೇ." ಫಾರ್ಸಿಯ 'ಬೇ' ಅಂದ್ರೆ ಇಲ್ಲ. ಅರಬ್ಬಿಯ 'ಬಾಕಿ' ಅಂದ್ರೆ ಉಳಿದದ್ದು. ಏನೂ ಉಳಿದಿಲ್ಲ. ನಾವು ಕಾಲೇಜಿನಲ್ಲಿ 'ನೋ ಡ್ಯೂ' ಅಂತ ಕಲಿತದ್ದು. ಮೂರು ವರ್ಷದ ವಾಯಿದೆ ದಾಟಿದ ಕೆಲವೇ ತಿಂಗಳಲ್ಲಿ ಮುತ್ಯಾನ ಅಪ್ಪ ದುಡ್ಡು ಕಟ್ಟಿ ಹೊಲ ಬಿಡಿಸಿಕೊಂಡಿದ್ದರು. ಅಪ್ಪ ಏನೂ ಮಾತಾಡಲಿಲ್ಲ. ಕಾಗದ ಈಸ್ಕೊಂಡು ಆ ಪದದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಕೂತರು.

ನಿಜ ಹೇಳಬೇಕಂದ್ರೆ ಪೌತಿ ಖಾತೆಗೆ ಆ ಕಾಗದ ಬೇಕೇ ಇರಲಿಲ್ಲ. ಪಹಣಿ ಮುತ್ಯಾನ ಹೆಸರಲ್ಲೇ ಇತ್ತು, ಕೆಲಸ ಆಯ್ತು. ಆದರೆ ಮರುದಿನ ನಾನೂ ಅಪ್ಪನೂ ಮಾಸ್ತರ್‌ನ ಕರ್ಕೊಂಡು ಪಕ್ಕದ ಹೊಲದವರ ಮನೆಗೆ ಹೋದ್ವಿ. ಅಲ್ಲಿನ ಕಾಕಾಗೆ ಮಾಸ್ತರ್ ಮತ್ತೊಮ್ಮೆ ಓದಿ ಹೇಳಿದ್ರು. ಅವರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, "ಇದು ನಮ್ಮಪ್ಪನ ಸಹಿನೇ ಅದ. ನಮಗೂ ಯಾರೂ ಓದಿ ಹೇಳಿದ್ದಿಲ್ಲ ನೋಡ್ರಿ" ಅಂದ್ರು. ಆಮೇಲೆ ಒಳಗೆ ತಿರುಗಿ ಚಹಾ ಇಡಲು ಹೇಳಿದ್ರು.

ನಿಮ್ಮ ಮನೆಯ ಟ್ರಂಕಿನಲ್ಲೂ ಇಂಥ ಕಾಗದ ಇದ್ರೆ ಎಸೀಬೇಡಿ. ಓದಲು ಬರೋ ಹಿರಿಯರು ಇನ್ನೂ ಇದ್ದಾರೆ, ಅವರಿರುವಾಗಲೇ ಓದಿಸಿ. ಓದುವಾಗ ಆಯಿನ ಪಕ್ಕದಲ್ಲಿ ಕೂರಿಸ್ಕೊಳ್ಳಿ.

ಇಷ್ಟ ಆದ್ರೆ ಚಂದಾದಾರರಾಗಿ. ಹೂಂ, ಆ ಪದದಲ್ಲೂ 'ದಾರ' ಇದೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬರ್ತೀನ್ರಿ.